ಕಿವಿ ಕಾಯುವುದಿಲ್ಲ

ಹಾಲು ಕುಡಿದು ನಿದ್ದೆಗೆ ಜಾರಿದ ಎರಡು ದಿನದ ಕೂಸು. ಅದರ ಕಿವಿಯೊಳಗೆ ಮೆತ್ತನೆಯ ರಬ್ಬರ್ ತುದಿಯೊಂದನ್ನು ನಾಜೂಕಾಗಿ ಕೂರಿಸುತ್ತಾರೆ. ಅಂಗೈಯಲ್ಲಿ ಹಿಡಿಯಬಹುದಾದ ಯಂತ್ರದಿಂದ ಸಣ್ಣ ಸಣ್ಣ ಸದ್ದು ಒಳಕ್ಕೆ ಹೋಗುತ್ತದೆ. ಆರೋಗ್ಯವಾಗಿರುವ ಒಳಗಿವಿ ಆ ಸದ್ದಿಗೆ ತಾನೂ ಒಂದು ಮರುದನಿ ಹೊರಡಿಸುತ್ತದೆ. ನಮ್ಮ ಕಿವಿಗೆ ಅದು ಕೇಳುವಂಥದ್ದಲ್ಲ. ರಬ್ಬರ್ ತುದಿಯಲ್ಲಿರುವ ಮೈಕು ಅದನ್ನು ಹಿಡಿದುಕೊಳ್ಳುತ್ತದೆ. ಕೆಲವೇ ನಿಮಿಷದಲ್ಲಿ ಪರದೆಯ ಮೇಲೆ ‘ಪಾಸ್’ ಅಥವಾ ‘ರೆಫರ್’ ಎಂದು ಬರುತ್ತದೆ. ಅಷ್ಟರಲ್ಲಿ ಮಗು ಮಗ್ಗುಲು ಬದಲಿಸಿರುವುದೂ ಇಲ್ಲ.

ಕಿವಿಯೇ ಸದ್ದು ಹೊರಡಿಸುತ್ತದೆ ಎಂಬುದನ್ನು 1978ರಲ್ಲಿ ಲಂಡನ್ನಿನ ವಿಜ್ಞಾನಿ ಡೇವಿಡ್ ಕೆಂಪ್ ತೋರಿಸಿಕೊಟ್ಟರು. ಅಳುವುದು ಬಿಟ್ಟು ಬೇರೇನೂ ಹೇಳಲಾರದ ಶಿಶುವಿನ ಕಿವಿಯನ್ನು ಅಳೆಯುವ ದಾರಿ ಆ ಶೋಧದಿಂದ ತೆರೆಯಿತು. ‘ರೆಫರ್’ ಬಂದ ಮಾತ್ರಕ್ಕೆ ಮಗು ಕಿವುಡು ಎಂದಾಗಲಿಲ್ಲ. ಹೆರಿಗೆಯ ನೀರು, ಕೊಳೆ ಕಿವಿಯಲ್ಲಿ ಉಳಿದಿದ್ದರೂ ಹಾಗೆ ಬರುತ್ತದೆ. ಮತ್ತೊಮ್ಮೆ ಪರೀಕ್ಷಿಸಬೇಕು. ಆಗಲೂ ಅನುಮಾನ ಉಳಿದರೆ ‘ಬೆರಾ’ ಪರೀಕ್ಷೆ: ಹಣೆಗೆ, ಕಿವಿಯ ಹಿಂದಕ್ಕೆ ಎಲೆಕ್ಟ್ರೋಡ್ ಅಂಟಿಸಿ, ಸದ್ದು ನರದ ಮೂಲಕ ಮೆದುಳಿನ ಕಾಂಡದವರೆಗೆ ತಲುಪಿತೇ ಎಂದು ನೋಡುತ್ತಾರೆ. ಒಂದು ತಿಂಗಳೊಳಗೆ ಮೊದಲ ತಪಾಸಣೆ, ಮೂರು ತಿಂಗಳೊಳಗೆ ಖಚಿತ ನಿರ್ಣಯ, ಆರು ತಿಂಗಳೊಳಗೆ ಚಿಕಿತ್ಸೆ ಶುರು. ಜಗತ್ತಿನ ಶ್ರವಣತಜ್ಞರು ಒಪ್ಪಿಕೊಂಡಿರುವ ಲೆಕ್ಕ ಇದು.

ಇಷ್ಟು ಅವಸರವೇಕೆ? ಅಮೆರಿಕದ ಕೊಲರಾಡೊದಲ್ಲಿ ಕ್ರಿಸ್ಟೀನ್ ಯೋಶಿನಾಗಾ ಇಟಾನೊ ಮತ್ತು ಸಂಗಡಿಗರು ಶ್ರವಣದೋಷವುಳ್ಳ 150 ಮಕ್ಕಳನ್ನು ಅಧ್ಯಯನ ಮಾಡಿ 1998ರಲ್ಲಿ ಪ್ರಕಟಿಸಿದ ಫಲಿತಾಂಶ ಇದಕ್ಕೆ ಉತ್ತರ ಕೊಡುತ್ತದೆ. ಆರು ತಿಂಗಳೊಳಗೆ ದೋಷ ಪತ್ತೆಯಾದ ಮಕ್ಕಳ ಭಾಷೆ, ಆಮೇಲೆ ಪತ್ತೆಯಾದವರ ಭಾಷೆಗಿಂತ ಸ್ಪಷ್ಟವಾಗಿ ಮುಂದಿತ್ತು. ಕಿವಿಯ ವಿಷಯದಲ್ಲಿ ನಮ್ಮ ದೊಡ್ಡ ಶತ್ರು ತಡ. ಕೂಸಿನಿಂದ ಅಜ್ಜನವರೆಗೆ, ಕಿವುಡಿನಿಂದ ಕಿವಿಮೊರೆತದವರೆಗೆ ಯಾವ ಕೋಣೆಯ ಕದ ತೆರೆದರೂ ಒಳಗೆ ಕೂತಿರುವುದು ಅದೇ.

ಮಾನಸಗಂಗೋತ್ರಿಯ ಅರವತ್ತು ವರ್ಷ

ಈ ತಡವನ್ನು ಕಡಿಮೆ ಮಾಡುವ ಕೆಲಸಕ್ಕೆ ದೇಶದಲ್ಲೇ ಹೆಸರಾದ ಸಂಸ್ಥೆ ನಮ್ಮ ಮೈಸೂರಿನಲ್ಲಿದೆ. ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಹುಟ್ಟಿದ್ದು 1965ರಲ್ಲಿ. ಜಯಚಾಮರಾಜ ಒಡೆಯರ್ ಜಾಗ ಕೊಟ್ಟರು. 1966ರ ಜುಲೈನಲ್ಲಿ ಶಂಕುಸ್ಥಾಪನೆ ಮಾಡಿದವರು ಆಗಿನ ರಾಷ್ಟ್ರಪತಿ ಎಸ್. ರಾಧಾಕೃಷ್ಣನ್; ಅದಕ್ಕೂ ಸುಮಾರು ಐದು ದಶಕದ ಹಿಂದೆ ಅದೇ ಊರಿನ ಮಹಾರಾಜಾ ಕಾಲೇಜಿನಲ್ಲಿ ತತ್ವಶಾಸ್ತ್ರದ ಮೇಷ್ಟ್ರಾಗಿದ್ದವರು. ಮೊದಲ ನಿರ್ದೇಶಕ ಡಾ. ಬಿ.ಎಂ. ರಾವ್, ಆಮೇಲೆ ಡಾ. ಎನ್. ರತ್ನ ಮೊದಲಾದವರ ಕಾಲದಲ್ಲಿ ಇಲ್ಲಿ ಪಳಗಿದ ಶ್ರವಣತಜ್ಞರು ಮತ್ತು ವಾಕ್‌ಚಿಕಿತ್ಸಕರು ದೇಶದ ಮೂಲೆಮೂಲೆಗೆ ಹೋಗಿ ಕೆಲಸಕ್ಕೆ ನಿಂತರು.

ಸಂಸ್ಥೆಯ ಬಗ್ಗೆ ನನಗೆ ಹೆಚ್ಚು ಅಭಿಮಾನ ಹುಟ್ಟಿಸುವುದು ಅದರ ಕಟ್ಟಡಕ್ಕಿಂತ ಅದು ಕಟ್ಟಡದಿಂದ ಹೊರಗೆ ಬಂದ ರೀತಿ. ನಂಜನಗೂಡು ತಾಲ್ಲೂಕಿನ ಹುಲ್ಲಹಳ್ಳಿ, ಕೆ.ಆರ್. ಪೇಟೆ ತಾಲ್ಲೂಕಿನ ಅಕ್ಕಿಹೆಬ್ಬಾಳು, ಯಳಂದೂರು ತಾಲ್ಲೂಕಿನ ಗುಂಬಳ್ಳಿಗಳಲ್ಲಿ ಅದು ಸೇವಾ ಕೇಂದ್ರ ತೆರೆಯಿತು. ಮಗು ಮಾತಾಡುತ್ತಿಲ್ಲ ಎಂಬ ಕಳವಳಕ್ಕೆ ಹಳ್ಳಿಯ ತಾಯಿ ಒಂದು ದಿನದ ಕೂಲಿ ಬಿಟ್ಟು, ಎರಡು ಬಸ್ಸು ಬದಲಿಸಿ ಬರುವುದು ಸುಲಭದ ಮಾತಲ್ಲ. ಬರುವ ಮೊದಲೇ ಮನೆಯಲ್ಲಿ ಸಮಾಧಾನದ ಮಾತುಗಳು ಸಾಲುಗಟ್ಟಿರುತ್ತವೆ: ‘ಗಂಡು ಮಕ್ಕಳಿಗೆ ಮಾತು ತಡ’, ‘ಅವರಪ್ಪನೂ ಮೂರು ವರ್ಷಕ್ಕೇ ಬಾಯಿ ಬಿಟ್ಟಿದ್ದು’. ಬಜೆ ತೇಯ್ದು ನಾಲಿಗೆಗೆ ಹಚ್ಚುತ್ತಾರೆ, ಹರಕೆ ಹೊರುತ್ತಾರೆ. ಇದೆಲ್ಲ ಪ್ರೀತಿಯಿಂದಲೇ ನಡೆಯುತ್ತದೆ. ಆದರೆ ತೊಂದರೆ ಇರುವುದು ನಾಲಿಗೆಯಲ್ಲಲ್ಲ, ಕಿವಿಯಲ್ಲಿ ಎಂದು ಗೊತ್ತಾಗುವ ಹೊತ್ತಿಗೆ ಮಗುವಿಗೆ ಎರಡೋ ಮೂರೋ ವರ್ಷ ತುಂಬಿರುತ್ತದೆ.

ಹೋದ ಕೋಶ ಮರಳದು

ಹೊರಗಿನ ಸದ್ದು ಕಿವಿಯ ತಮಟೆಗೆ ತಾಕಿ, ಮೂರು ಪುಟ್ಟ ಮೂಳೆಗಳ ಮೂಲಕ ಒಳಗಿವಿ ಸೇರುತ್ತದೆ. ಅಲ್ಲಿ ಬಸವನಹುಳುವಿನ ಚಿಪ್ಪಿನ ಹಾಗೆ ಎರಡೂವರೆ ಸುತ್ತು ಸುತ್ತಿಕೊಂಡ ಕಾಕ್ಲಿಯಾ ಎಂಬ ಅಂಗವಿದೆ. ದ್ರವ ತುಂಬಿದ ಆ ಸುರುಳಿಯಲ್ಲಿ ಸದ್ದು ಅಲೆಯಾಗಿ ಸಾಗುತ್ತದೆ. ಕೀಚಲು ಸ್ವರಕ್ಕೆ ಬುಡದ ಭಾಗ, ದಪ್ಪ ಸ್ವರಕ್ಕೆ ತುದಿಯ ಭಾಗ ಹೆಚ್ಚು ಕಂಪಿಸುತ್ತದೆ. ಇದನ್ನು ಕಂಡುಹಿಡಿದ ಗೇಯಾರ್ಗ್ ವಾನ್ ಬೆಕೆಷಿಗೆ 1961ರಲ್ಲಿ ನೊಬೆಲ್ ಬಂತು.

ಆ ಕಂಪನವನ್ನು ನರದ ಸಂಕೇತವಾಗಿ ಬದಲಿಸುವುದು ರೋಮಕೋಶಗಳು. ಒಂದೊಂದು ಕಿವಿಯಲ್ಲಿ ಒಳಸಾಲಿನಲ್ಲಿ ಸುಮಾರು 3,500, ಹೊರಸಾಲುಗಳಲ್ಲಿ ಸುಮಾರು 12,000. ಬದುಕಿನುದ್ದಕ್ಕೂ ನಾವು ಕೇಳುವ ಪ್ರತಿ ಮಾತು, ಪ್ರತಿ ರಾಗ ಹಾದುಹೋಗಬೇಕಾದ್ದು ಇಷ್ಟೇ ಕೋಶಗಳ ಮೂಲಕ. ಹಕ್ಕಿಗಳಲ್ಲಿ ಇವು ಸತ್ತರೆ ಮತ್ತೆ ಹುಟ್ಟುತ್ತವೆ ಎಂದು 1988ರಲ್ಲಿ ಸಾಬೀತಾಯಿತು. ಮನುಷ್ಯನಿಗೆ ಆ ಭಾಗ್ಯವಿಲ್ಲ. ವಯಸ್ಸು, ಅಬ್ಬರದ ಸದ್ದು, ಜೆಂಟಾಮೈಸಿನ್‌ನಂಥ ಕೆಲವು ಚುಚ್ಚುಮದ್ದು, ಕ್ಯಾನ್ಸರಿಗೆ ಕೊಡುವ ಸಿಸ್‌ಪ್ಲಾಟಿನ್, ಸೋಂಕು, ವಂಶವಾಹಿಯ ದೋಷ ಹೀಗೆ ಯಾವ ಕಾರಣದಿಂದ ಹೋದರೂ ಹೋಯಿತು.

ಇನ್ನೂ ಸೂಕ್ಷ್ಮವಾದ ನಷ್ಟವೊಂದಿದೆ. ಹಾರ್ವರ್ಡಿನ ಶರೋನ್ ಕುಜಾವಾ ಮತ್ತು ಚಾರ್ಲ್ಸ್ ಲಿಬರ್ಮನ್ 2009ರಲ್ಲಿ ಇಲಿಗಳಿಗೆ ಕೆಲಹೊತ್ತು ಜೋರಾದ ಸದ್ದು ಕೇಳಿಸಿದರು. ದಿನಗಳು ಕಳೆದ ಮೇಲೆ ಪರೀಕ್ಷೆಯಲ್ಲಿ ಕಿವಿ ಮೊದಲಿನಂತೆಯೇ ಇತ್ತು, ರೋಮಕೋಶಗಳೂ ಉಳಿದಿದ್ದವು. ಆದರೆ ಕೋಶ ಮತ್ತು ನರದ ನಡುವಿನ ಬೆಸುಗೆಗಳು ದೊಡ್ಡ ಪ್ರಮಾಣದಲ್ಲಿ ಕಳಚಿಹೋಗಿದ್ದವು. ಮೇಳ ಮುಗಿದ ರಾತ್ರಿ ಕಿವಿ ಅಡಗಿದಂತಾಗಿ ಬೆಳಿಗ್ಗೆ ಸರಿಹೋದರೆ ‘ಏನೂ ಆಗಿಲ್ಲ’ ಎಂದುಕೊಳ್ಳುತ್ತೇವೆ. ಆ ನೆಮ್ಮದಿಯನ್ನು ಅಷ್ಟಾಗಿ ನಂಬಲಾಗದು ಎಂದು ಈ ಪ್ರಯೋಗ ಎಚ್ಚರಿಸಿತು.

ಹಾಲೋ, ಸಾಲೋ?

‘ಮಾವ, ಹಾಲು ಕುಡೀತೀರಾ?’ ಎಂದು ಸೊಸೆ ಅಡುಗೆಮನೆಯಿಂದ ಕೇಳುತ್ತಾಳೆ. ಹಜಾರದಲ್ಲಿ ಕೂತ ಮಾವನಿಗೆ ದನಿ ಕೇಳಿಸಿತು, ಮಾತು ತಿಳಿಯಲಿಲ್ಲ. ವಯಸ್ಸಾದಂತೆ ಮೊದಲು ಮಂಕಾಗುವುದು ಕೀಚಲು ಸ್ವರಗಳನ್ನು ಹಿಡಿಯುವ ಭಾಗ. ಆ, ಊ, ಓ ಎಂಬ ಸ್ವರಗಳ ಬಲವೆಲ್ಲ ಕೆಳಗಿನ ಕಂಪನಾಂಕಗಳಲ್ಲಿದೆ; ಸ, ಶ, ತ, ಕ ಮುಂತಾದ ವ್ಯಂಜನಗಳ ಗುರುತು ಮೇಲಿನ ಕಂಪನಾಂಕಗಳಲ್ಲಿದೆ. ಹಾಲು, ಸಾಲು, ಕಾಲು, ಪಾಲು ನಾಲ್ಕೂ ‘ಆಲು’ ಎಂದೇ ಕೇಳಿದರೆ ಉಳಿದದ್ದನ್ನು ಊಹೆಯಿಂದ ತುಂಬಿಕೊಳ್ಳಬೇಕು. ಎದುರಿಗೆ ಒಬ್ಬರೇ ಇದ್ದರೆ ತುಟಿ ನೋಡಿ ನಡೆಯುತ್ತದೆ. ಛತ್ರದಲ್ಲಿ, ಟಿ.ವಿ. ಹಾಕಿದ ಮನೆಯಲ್ಲಿ ನಡೆಯುವುದಿಲ್ಲ. ‘ಕೇಳುತ್ತೆ, ಆದರೆ ಅರ್ಥ ಆಗಲ್ಲ’ ಎಂದು ಹಿರಿಯರು ಹೇಳುವುದು ಅಕ್ಷರಶಃ ನಿಜ. ಅವರ ಕಿವಿಗೆ ಜೋರಾಗಿ ಕೂಗಿದರೆ ಸ್ವರ ಮಾತ್ರ ಇನ್ನಷ್ಟು ದೊಡ್ಡದಾಗುತ್ತದೆ. ಎದುರಿಗೆ ಬಂದು, ಮುಖಕ್ಕೆ ಬೆಳಕು ಬೀಳುವಂತೆ ನಿಂತು, ನಿಧಾನವಾಗಿ ಹೇಳಿದರೆ ಉಪಯೋಗ ಹೆಚ್ಚು.

ಆದ್ದರಿಂದಲೇ ಶ್ರವಣ ಪರೀಕ್ಷೆ ಬರಿಯ ಪೀಂ ಪೀಂ ಸದ್ದಿಗೆ ಬೆರಳೆತ್ತಿಸಿ ಮುಗಿಯಬಾರದು. ಮಾತು ಎಷ್ಟು ತಿಳಿಯುತ್ತದೆ ಎಂಬುದನ್ನೂ ಅಳೆಯಬೇಕು, ಅದನ್ನು ಅವರವರ ನುಡಿಯಲ್ಲೇ ಅಳೆಯಬೇಕು. ಇಂಗ್ಲಿಷಿನ ಪಟ್ಟಿಗಳು ಒಂದೇ ಉಚ್ಚಾರಾಂಶದ ಪದಗಳ ಮೇಲೆ ನಿಂತಿವೆ. ಕನ್ನಡದಲ್ಲಿ ಅಂಥ ಪದಗಳು ಬಹಳ ಕಡಿಮೆ. ಹೀಗಾಗಿ ಮೈಸೂರಿನ ಸಂಶೋಧಕರು ಎರಡು ಅಕ್ಷರದ ಕನ್ನಡ ಪದಗಳನ್ನು ಆರಿಸಿ, ಕನ್ನಡದ ಧ್ವನಿಗಳು ಮಾತಿನಲ್ಲಿ ಬರುವ ಪ್ರಮಾಣದಲ್ಲೇ ಪಟ್ಟಿಯಲ್ಲೂ ಬರುವಂತೆ ಹೊಂದಿಸಿದರು. ಗದ್ದಲದ ನಡುವೆ ಕನ್ನಡ ವಾಕ್ಯ ಕೇಳಿಸಿ ಅಳೆಯುವ ಪರೀಕ್ಷೆಗಳನ್ನೂ ಕಟ್ಟಿದರು. ಹೊರಗಿನವರ ಕಣ್ಣಿಗೆ ಬೀಳದ ಕೆಲಸ ಇದು. ಇದು ಇಲ್ಲದಿದ್ದರೆ ಮಂಡ್ಯದ ಅಜ್ಜಿಗೆ, ಕಿವಿಗೆ ಹಾಕುವ ಸರಿಯಾದ ಮಷೀನು ಹೊಂದಿಸುವುದು ಸಾಧ್ಯವೇ ಇಲ್ಲ.

ಅಷ್ಟಾದರೂ ಮಷೀನು ಕಿವಿ ಸೇರುವುದು ಯಾವಾಗ? ಮಷೀನು ಬೇಕೆನಿಸುವ ಹಂತದಿಂದ ಅದನ್ನು ಹಾಕಿಕೊಳ್ಳುವವರೆಗೆ ಸರಾಸರಿ ಒಂಬತ್ತು ವರ್ಷ ಹಿಡಿಯುತ್ತದೆ ಎಂದು ಅಮೆರಿಕದ ಅಧ್ಯಯನವೊಂದು 2019ರಲ್ಲಿ ಲೆಕ್ಕ ಕೊಟ್ಟಿತು. ನಮ್ಮಲ್ಲಿ ‘ಈ ವಯಸ್ಸಿಗೆ ಇನ್ನೇನು’ ಎಂಬ ಮಾತೂ ಸೇರಿಕೊಳ್ಳುತ್ತದೆ. ಅಷ್ಟು ವರ್ಷ ಮಂಕಾದ ಸದ್ದಿಗೇ ಒಗ್ಗಿದ ಮೆದುಳಿಗೆ ಒಮ್ಮೆಲೇ ಪಾತ್ರೆ, ಫ್ಯಾನು, ಚಪ್ಪಲಿಯ ಸದ್ದೆಲ್ಲ ನುಗ್ಗಿದರೆ ಅದು ಕಿರಿಕಿರಿಯೇ. ಮೊದಲ ವಾರವೇ ಮಷೀನು ಬೀರು ಸೇರಿಬಿಡುತ್ತದೆ. ದಿನಕ್ಕೆ ಸ್ವಲ್ಪ ಸ್ವಲ್ಪವಾಗಿ ಹೆಚ್ಚಿಸುತ್ತ, ನಡುವೆ ತಜ್ಞರ ಬಳಿ ಹೋಗಿ ಮತ್ತೆ ಹೊಂದಿಸಿಕೊಂಡರೆ ಕೆಲವು ವಾರಗಳಲ್ಲಿ ಒಗ್ಗುತ್ತದೆ. ಅಷ್ಟು ದಿನ ಪಕ್ಕದಲ್ಲಿ ನಿಂತು ಧೈರ್ಯ ಹೇಳಬೇಕಾದವರು ಮನೆಯವರೇ.

ಇದರಲ್ಲಿ ಮೆದುಳಿನ ಪ್ರಶ್ನೆಯೂ ಇದೆ. ಮರೆಗುಳಿತನದ ಬಗೆಗಿನ ಲ್ಯಾನ್ಸೆಟ್ ಆಯೋಗ 2024ರಲ್ಲಿ ತಡೆಯಬಹುದಾದ 14 ಕಾರಣಗಳನ್ನು ಪಟ್ಟಿ ಮಾಡಿತು. ಅದರಲ್ಲಿ ಅತಿ ದೊಡ್ಡ ಪಾಲಿನವುಗಳಲ್ಲಿ ಶ್ರವಣದೋಷವೂ ಒಂದು. ಅಮೆರಿಕದಲ್ಲಿ 70ರಿಂದ 84 ವರ್ಷದ 977 ಜನರನ್ನು ಮೂರು ವರ್ಷ ಗಮನಿಸಿದ ‘ಅಚೀವ್’ ಪ್ರಯೋಗದ ಫಲಿತಾಂಶ 2023ರಲ್ಲಿ ಬಂತು. ಒಟ್ಟು ಗುಂಪಿನಲ್ಲಿ ಮಷೀನಿನಿಂದ ಮೆದುಳಿಗಾದ ಲಾಭ ಎದ್ದು ಕಾಣಲಿಲ್ಲ. ಆದರೆ ಮರೆವಿನ ಅಪಾಯ ಮೊದಲೇ ಹೆಚ್ಚಿದ್ದವರಲ್ಲಿ ಅರಿವಿನ ಕುಸಿತದ ವೇಗ ಶೇಕಡ 48ರಷ್ಟು ತಗ್ಗಿತ್ತು. ಮಷೀನು ಮರೆವಿಗೆ ಮದ್ದು ಎಂದು ಇದರಿಂದ ಯಾರೂ ಹೇಳಬಾರದು. ಕಿವಿಯನ್ನು ಅಲಕ್ಷಿಸಿದರೆ ನಷ್ಟ ಕಿವಿಗಷ್ಟೇ ನಿಲ್ಲದು ಎಂದು ಧಾರಾಳವಾಗಿ ಹೇಳಬಹುದು.

ಹೊರಗಿಲ್ಲದ ಸದ್ದು

ಒಬ್ಬರಿಗೆ ಗುಂಯ್, ಇನ್ನೊಬ್ಬರಿಗೆ ಕೀಂ, ಮತ್ತೊಬ್ಬರಿಗೆ ರಾತ್ರಿಯಿಡೀ ಜೀರುಂಡೆ. ಹೊರಗೆಲ್ಲೂ ಇಲ್ಲದ ಸದ್ದು ಕಿವಿಯಲ್ಲಿ, ತಲೆಯಲ್ಲಿ ಕೇಳುವ ಈ ತೊಂದರೆ ಟಿನಿಟಸ್, ನಮ್ಮ ಮಾತಿನಲ್ಲಿ ಕಿವಿಮೊರೆತ. ಜಗತ್ತಿನ ವಯಸ್ಕರಲ್ಲಿ ನೂರಕ್ಕೆ ಸುಮಾರು ಹದಿನಾಲ್ಕು ಜನರಿಗೆ ಇದರ ಅನುಭವವಿದೆ, ನೂರಕ್ಕೆ ಇಬ್ಬರಿಗೆ ತೀವ್ರವಾಗಿದೆ ಎಂದು 2022ರ ಸಮೀಕ್ಷೆಯೊಂದು ಅಂದಾಜಿಸಿತು. ನಿದ್ದೆ ಕೆಡುತ್ತದೆ, ಕೆಲಸದಲ್ಲಿ ಮನಸ್ಸು ನಿಲ್ಲುವುದಿಲ್ಲ. ಬೇರೆಯವರಿಗೆ ಕೇಳಿಸದ ಕಾರಣ ಯಾರೂ ನಂಬುವುದೂ ಇಲ್ಲ.

1953ರಲ್ಲಿ ಹೆಲ್ಲರ್ ಮತ್ತು ಬರ್ಗ್‌ಮನ್ ಎಂಬಿಬ್ಬರು ಕಿವಿ ಚೆನ್ನಾಗಿದ್ದ 80 ಜನರನ್ನು ಸದ್ದೇ ಇಲ್ಲದ ಕೋಣೆಯಲ್ಲಿ ಕೂರಿಸಿದರು. ಅವರಲ್ಲಿ ನೂರಕ್ಕೆ 94ರಷ್ಟು ಜನ ಏನೋ ಸದ್ದು ಕೇಳಿಸಿತು ಎಂದರು. ಅಂದರೆ ನರಮಂಡಲದ ಗುನುಗು ಎಲ್ಲರಲ್ಲೂ ಇದೆ. ಕಿವಿಯಿಂದ ಬರುವ ಸಂಕೇತ ಕಡಿಮೆಯಾದಾಗ ಮೆದುಳು ತನ್ನ ಕೇಳುವಿಕೆಯನ್ನು ಏರಿಸಿಕೊಳ್ಳುತ್ತದೆ, ಆಗ ಒಳಗಿನ ಗುನುಗು ಮುನ್ನೆಲೆಗೆ ಬರುತ್ತದೆ ಎಂಬ ವಿವರಣೆಯನ್ನು ಇಂದು ಬಹಳ ಸಂಶೋಧಕರು ಒಪ್ಪುತ್ತಾರೆ. ಆ ಸದ್ದಿಗೆ ಭಯ ಅಂಟಿಕೊಂಡಾಗ ಅದು ಕಾಟವಾಗುತ್ತದೆ ಎಂದು 1990ರಲ್ಲಿ ಪಾವೆಲ್ ಜಾಸ್ಟ್ರೆಬಾಫ್ ವಾದಿಸಿದರು.

‘ಇದಕ್ಕೆ ಏನೂ ಮಾಡೋಕಾಗಲ್ಲ, ಅಭ್ಯಾಸ ಮಾಡ್ಕೊಳ್ಳಿ’ ಎಂದು ಒಂದು ವಾಕ್ಯದಲ್ಲಿ ಕಳುಹಿಸಿಬಿಡುವುದು ಅನ್ಯಾಯ. ಸದ್ದನ್ನು ಪೂರ್ತಿ ಆರಿಸುವ ಮಾತ್ರೆ ಇಲ್ಲ, ನಿಜ. ಆದರೆ ಕಿವಿ ಮಂದವಾಗಿದ್ದರೆ ಮಷೀನಿನಿಂದಲೇ ಅನೇಕರಿಗೆ ಮೊರೆತದ ಕಾಟ ತಗ್ಗುತ್ತದೆ. ರಾತ್ರಿ ಫ್ಯಾನಿನ ಅಥವಾ ಮಳೆಯ ಹಿತವಾದ ಸದ್ದು ಹಿನ್ನೆಲೆಯಲ್ಲಿದ್ದರೆ ಒಳಗಿನದು ಹಿಂದೆ ಸರಿಯುತ್ತದೆ. ಸದ್ದಿನ ಬಗೆಗಿನ ಯೋಚನೆಯನ್ನೇ ಬದಲಿಸುವ ಮನೋಚಿಕಿತ್ಸೆ ಬದುಕನ್ನು ಹಗುರ ಮಾಡುತ್ತದೆ ಎನ್ನಲು ಗಟ್ಟಿ ಪುರಾವೆಗಳಿವೆ. ಕಾಟ ಎಷ್ಟು ಎಂದು ಅಳೆಯಲು 1996ರಲ್ಲಿ ಅಮೆರಿಕದಲ್ಲಿ ರೂಪುಗೊಂಡ 25 ಪ್ರಶ್ನೆಗಳ ಪಟ್ಟಿ ಈಗ ಕನ್ನಡದಲ್ಲೂ ಇದೆ. ‘ಹೌದು, ಕೆಲವೊಮ್ಮೆ, ಇಲ್ಲ’ ಎಂದು ಉತ್ತರಿಸುತ್ತ ಹೋದಂತೆ ತನ್ನ ಸಂಕಟಕ್ಕೆ ಒಂದು ಅಳತೆ ಇದೆ ಎಂದು ರೋಗಿಗೆ ಮೊದಲ ಸಲ ಅನಿಸುತ್ತದೆ. ಮೊರೆತ ಒಂದೇ ಕಿವಿಯಲ್ಲಿದ್ದರೆ ಅಥವಾ ನಾಡಿಯ ಬಡಿತದೊಂದಿಗೆ ಕೇಳಿದರೆ ಮಾತ್ರ ತಡಮಾಡದೆ ಇಎನ್‌ಟಿ ವೈದ್ಯರಿಗೆ ತೋರಿಸಬೇಕು.

ನಾಸಿಕ್ ಬ್ಯಾಂಡಿನ ಮುಂದೆ

ಮಹಾರಾಷ್ಟ್ರದ ನಾಸಿಕ್‌ನಲ್ಲಿ ಹೆಸರಾದ ಢೋಲ್ ಬಡಿತ ಇವತ್ತು ನಮ್ಮ ಕರಾವಳಿಗೂ ಬಂದು ‘ನಾಸಿಕ್ ಬ್ಯಾಂಡ್’ ಆಗಿದೆ. ಉಡುಪಿ, ಮಂಗಳೂರಿನ ಮೆರವಣಿಗೆಗಳಲ್ಲಿ ಯುವಕರು ಸೊಂಟಕ್ಕೆ ಢೋಲು ಕಟ್ಟಿ ಗಂಟೆಗಟ್ಟಲೆ ಬಡಿಯುತ್ತಾರೆ. ಒಳನಾಡಿನಲ್ಲಿ ಆ ಜಾಗವನ್ನು ಡಿ.ಜೆ. ಹಿಡಿದಿದೆ. ಹಬ್ಬದ ಹುರುಪು ಬೇಡವೆನ್ನುವುದು ನನ್ನ ಉದ್ದೇಶವಲ್ಲ, ಆ ಹುಡುಗರ ಕಿವಿ ಉಳಿಯಬೇಕು ಎಂಬುದು ನನ್ನ ಕಳಕಳಿ.

ಲೆಕ್ಕ ಹೀಗಿದೆ. 85 ಡೆಸಿಬಲ್ ಸದ್ದನ್ನು ದಿನಕ್ಕೆ ಎಂಟು ಗಂಟೆ ತಾಳಬಹುದು. ಅಲ್ಲಿಂದ ಪ್ರತಿ ಮೂರು ಡೆಸಿಬಲ್ ಏರಿದಂತೆ ಅವಧಿ ಅರ್ಧಕ್ಕಿಳಿಯುತ್ತದೆ: 88ಕ್ಕೆ ನಾಲ್ಕು ಗಂಟೆ, 91ಕ್ಕೆ ಎರಡು, 94ಕ್ಕೆ ಒಂದು. 100 ಡೆಸಿಬಲ್ ಆದರೆ ಹದಿನೈದೇ ನಿಮಿಷ. ಢೋಲಿನ ಬುಡದಲ್ಲಿ, ಸ್ಪೀಕರ್ ಗೋಡೆಯ ಮುಂದೆ ನಿಂತವರ ಪಾಲಿನ ಹದಿನೈದು ನಿಮಿಷ ಮೆರವಣಿಗೆ ಬೀದಿಯ ತಿರುವು ದಾಟುವ ಮೊದಲೇ ತೀರಿರುತ್ತದೆ. ಸದ್ದಿನಿಂದ ಕೆಟ್ಟ ಕಿವಿಯ ಆಡಿಯೋಗ್ರಾಮಿನಲ್ಲಿ, ಅಂದರೆ ಶ್ರವಣ ಪರೀಕ್ಷೆಯ ನಕ್ಷೆಯಲ್ಲಿ, 4000 ಹರ್ಟ್ಸ್ ಬಳಿ ಗೆರೆ ತಟ್ಟನೆ ಗುಂಡಿಗೆ ಇಳಿಯುತ್ತದೆ. ಪವರ್‌ಲೂಮ್, ಕಲ್ಲುಕ್ವಾರಿ, ಪ್ರೆಸ್ಸುಗಳಲ್ಲಿ ದುಡಿದವರಲ್ಲೂ ಕಾಣುವುದು ಅದೇ ಗುಂಡಿ. ಕೆಲವೇ ರೂಪಾಯಿಯ ಫೋಮ್ ಇಯರ್‌ಪ್ಲಗ್ಗು ಸರಿಯಾಗಿ ಹಾಕಿಕೊಂಡರೆ ಆ ಪೆಟ್ಟನ್ನು ಬಹಳಷ್ಟು ತಪ್ಪಿಸುತ್ತದೆ. ಢೋಲು ಕೊಳ್ಳುವ ಸಂಘ ಅದರ ಜೊತೆಗೇ ಇದನ್ನೂ ಕೊಳ್ಳಲಿ.

ತಾಯಿಯೇ ಮೇಷ್ಟ್ರು

ಮಷೀನು ಸಾಲದಷ್ಟು ಕಿವುಡಿದ್ದರೆ ಕಾಕ್ಲಿಯರ್ ಇಂಪ್ಲಾಂಟ್. ಹೊರಗಿನ ಮೈಕು ಹಿಡಿದ ಸದ್ದನ್ನು, ಒಳಗಿವಿಗೆ ತೂರಿಸಿದ ಎಲೆಕ್ಟ್ರೋಡ್ ತಂತಿ ನೇರವಾಗಿ ನರಕ್ಕೆ ಮುಟ್ಟಿಸುತ್ತದೆ. ಲಕ್ಷಗಟ್ಟಲೆ ಬೆಲೆಯ ಈ ಸಾಧನ ಕೇಂದ್ರದ ಎಡಿಪ್ ಯೋಜನೆ, ರಾಜ್ಯದ ಶ್ರವಣ ಸಂಜೀವಿನಿ ಯೋಜನೆಗಳಿಂದ ಬಡ ಮಕ್ಕಳಿಗೂ ಸಿಗುವಂತಾಗಿದೆ. ಇಲ್ಲಿಯೂ ಗಡುವು ಇದೆ. ಹುಟ್ಟುಕಿವುಡಿನ ಮಗುವಿಗೆ ಮೂರೂವರೆ ವರ್ಷದೊಳಗೆ ಇಂಪ್ಲಾಂಟ್ ಆದರೆ ಮೆದುಳಿನ ಶ್ರವಣಭಾಗ ಸಹಜವಾಗಿ ಬೆಳೆಯುವ ಸಾಧ್ಯತೆ ಹೆಚ್ಚು, ಏಳು ವರ್ಷ ದಾಟಿದರೆ ಬಹಳ ಕಷ್ಟ ಎಂದು ಅಮೆರಿಕದಲ್ಲಿ ಅನು ಶರ್ಮಾ ನಡೆಸಿದ ಸಂಶೋಧನೆ ಹೇಳುತ್ತದೆ.

ಶಸ್ತ್ರಚಿಕಿತ್ಸೆಯ ಫೋಟೊ ಪತ್ರಿಕೆಯಲ್ಲಿ ಬರುತ್ತದೆ. ನಿಜವಾದ ದುಡಿಮೆ ಆಮೇಲಿನದು. ತರಬೇತಿಯ ಕೋಣೆಯಲ್ಲಿ ಮಗುವಿನ ಕೈಯಲ್ಲಿ ಒಂದು ಬಣ್ಣದ ಬಳೆ, ಮುಂದೆ ಒಂದು ಕೋಲು. ತಾಯಿ ತುಟಿ ಕಾಣದಂತೆ ಬಾಯಿ ಮರೆಮಾಡಿ ‘ಮ್’ ಎನ್ನುತ್ತಾಳೆ. ಕೇಳಿಸಿದರೆ ಮಗು ಬಳೆಯನ್ನು ಕೋಲಿಗೆ ಹಾಕಬೇಕು. ಆಮೇಲೆ ‘ಊ’, ‘ಆ’, ‘ಈ’, ‘ಶ್’, ‘ಸ್’. ಡೇನಿಯಲ್ ಲಿಂಗ್ ಆರಿಸಿಕೊಟ್ಟ ಈ ಆರು ಧ್ವನಿಗಳು ಮಾತಿನ ಕೆಳಗಿನ ಕಂಪನಾಂಕದಿಂದ ಮೇಲಿನದರವರೆಗೆ ಎಲ್ಲವನ್ನೂ ಮುಟ್ಟುತ್ತವೆ. ‘ಸ್’ ಎಂದಾಗ ಬಳೆ ಕೈಯಲ್ಲೇ ಉಳಿದರೆ ಯಂತ್ರದ ಹೊಂದಾಣಿಕೆ ನೋಡಬೇಕು. ಪ್ರತಿದಿನ ಬೆಳಿಗ್ಗೆ ಮನೆಯಲ್ಲೂ ಇದೇ ಪರೀಕ್ಷೆ.

ತಾಯಿಗೇ ಮೇಷ್ಟ್ರ ತರಬೇತಿ ಕೊಡಬೇಕು ಎಂಬುದು ಮೈಸೂರಿನ ದೊಡ್ಡ ಅರಿವು. ವಾಕ್ ಶ್ರವಣ ಸಂಸ್ಥೆಯ ಪ್ರಿಸ್ಕೂಲಿನಲ್ಲೂ, ಶ್ರವಣದೋಷವುಳ್ಳ ಮಕ್ಕಳ ಪೋಷಕರು ಸೇರಿ ಅದೇ ಊರಿನಲ್ಲಿ ಕಟ್ಟಿದ ಶಾಲೆಯಲ್ಲೂ ತಾಯಂದಿರು ಮಕ್ಕಳ ಜೊತೆ ಕೂತು ಕಲಿಯುತ್ತಾರೆ. ಅವರೆಕಾಯಿ ಬಿಡಿಸುವಾಗ, ಬಟ್ಟೆ ಮಡಿಸುವಾಗ, ಸ್ನಾನ ಮಾಡಿಸುವಾಗ ಯಾವ ಮಾತನ್ನು ಹೇಗೆ ಮತ್ತೆ ಮತ್ತೆ ಆಡಬೇಕು ಎಂದು ತಿಳಿದ ತಾಯಿ ದಿನವಿಡೀ ಪಾಠ ಮಾಡಬಲ್ಲಳು. ವಾರಕ್ಕೊಮ್ಮೆ ಸಿಗುವ ಚಿಕಿತ್ಸಕರಿಂದ ಅದು ಆಗದು. ಊರು, ಹೊಲ, ಸಂಸಾರ ಬಿಟ್ಟು ಮಗುವಿಗಾಗಿ ಬಾಡಿಗೆ ಕೋಣೆ ಹಿಡಿದು ಕೂತ ಈ ಹೆಂಗಸರ ಶ್ರಮಕ್ಕೆ ತಂದೆಯರೂ ಸರ್ಕಾರವೂ ಹೆಗಲು ಕೊಡಬೇಕು.

ಇಂಪ್ಲಾಂಟ್ ಫಲಿಸದ ಮಗುವಿಗೆ, ಅದನ್ನು ಬಯಸದ ಕುಟುಂಬಕ್ಕೆ ಸನ್ನೆಭಾಷೆ ಇದೆ. ಅದು ಸಂಪೂರ್ಣ ಭಾಷೆ. ಗೌರಿಬಿದನೂರು ತಾಲ್ಲೂಕಿನ ಅಲೀಪುರದಲ್ಲಿ ಕಿವುಡರ ಸಂಖ್ಯೆ ಹೆಚ್ಚಿದ್ದುದರಿಂದ ಊರಿನದೇ ಒಂದು ಸನ್ನೆಭಾಷೆ ಬೆಳೆದಿದೆ. ಭಾಷಾವಿಜ್ಞಾನಿಗಳು ಅದನ್ನು ದಾಖಲಿಸಿದ್ದಾರೆ. ಕಿವಿ ಕೇಳುವ ಎಷ್ಟೋ ಜನರಿಗೂ ಅಲ್ಲಿ ಆ ಸನ್ನೆ ಬರುತ್ತದೆ. ಮಗುವಿಗೆ ಮಾತಿನಿಂದಲೋ ಸನ್ನೆಯಿಂದಲೋ ಬೇಗ ಒಂದು ಭಾಷೆ ಸಿಗಬೇಕು. ಯಾವುದೂ ಸಿಗದೆ ಕಳೆದುಹೋದ ಬಾಲ್ಯಕ್ಕೆ ಮಾತ್ರ ಪರಿಹಾರವಿಲ್ಲ.

ಕಿವಿಗೂ ಒಂದು ಚಳವಳಿ

ಮಾಡಬೇಕಾದ್ದು ಸ್ಪಷ್ಟವಾಗಿದೆ. ಹೆರಿಗೆ ಎಲ್ಲೇ ಆಗಲಿ, ಮಗುವಿನ ಕಿವಿ ಪರೀಕ್ಷೆ ಆಗಿದೆಯೇ ಎಂದು ಕೇಳಿ ಚೀಟಿ ಪಡೆಯಬೇಕು. ಕಿವಿ ಸೋರಿದರೆ ಕಾಯಿಸಿದ ಎಣ್ಣೆ ಬಿಡದೆ ವೈದ್ಯರಿಗೆ ತೋರಿಸಬೇಕು. ಇದ್ದಕ್ಕಿದ್ದಂತೆ ಒಂದು ಕಿವಿ ಕೇಳದಾದರೆ ಅದು ತುರ್ತು. ಅಂದೋ ಮರುದಿನವೋ ಇಎನ್‌ಟಿ ವೈದ್ಯರನ್ನು ಕಾಣಬೇಕು, ಸ್ಟೀರಾಯ್ಡ್ ಚಿಕಿತ್ಸೆ ಮೊದಲ ಎರಡು ವಾರದೊಳಗೆ ಸಿಕ್ಕರಷ್ಟೇ ಹೆಚ್ಚು ಪ್ರಯೋಜನ. ಅರವತ್ತು ದಾಟಿದವರು ಸಕ್ಕರೆ, ಬಿ.ಪಿ. ನೋಡಿಸಿಕೊಳ್ಳುವಾಗ ಕಿವಿಯನ್ನೂ ನೋಡಿಸಿಕೊಳ್ಳಬೇಕು.

ಸರ್ಕಾರ ಮಾಡಬೇಕಾದ್ದೂ ಗೊತ್ತಿರುವುದೇ. ಕಿವುಡು ತಡೆಯುವ ರಾಷ್ಟ್ರೀಯ ಕಾರ್ಯಕ್ರಮ ಶುರುವಾಗಿದ್ದು 2006ರ ಹೊತ್ತಿಗೆ. ಮಕ್ಕಳ ತಪಾಸಣೆಗೆ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 2013ರಲ್ಲೇ ಬಂದಿದೆ. ಪ್ರತಿ ತಾಲ್ಲೂಕು ಆಸ್ಪತ್ರೆಗೆ ಶಿಶುಗಳ ಕಿವಿ ಪರೀಕ್ಷಿಸುವ ಯಂತ್ರ, ಅದನ್ನು ನಡೆಸುವ ಕಾಯಂ ಶ್ರವಣತಜ್ಞರು ಬೇಕು. ಹುಲ್ಲಹಳ್ಳಿ, ಗುಂಬಳ್ಳಿಯಲ್ಲಿ ಆದದ್ದು ಯಾದಗಿರಿಯಲ್ಲೂ ಆಗಬಹುದು.

ಬೀಳಗಿಯಲ್ಲಿ ಹುಟ್ಟಿದ ಡಾ. ಎಂ.ಸಿ. ಮೋದಿ ಊರೂರಿಗೆ ಕಣ್ಣಿನ ಶಿಬಿರ ಒಯ್ದ ನಾಡು ಇದು. ಪೊರೆ ಬಂದರೆ ತೆಗೆಸಬೇಕು, ಕನ್ನಡಕ ಹಾಕಿಕೊಳ್ಳಲು ನಾಚಬೇಕಿಲ್ಲ ಎಂದು ಕರ್ನಾಟಕದ ಹಳ್ಳಿಗಳು ಕಲಿತದ್ದು ಅಂಥ ದುಡಿಮೆಯಿಂದ. ಕಿವಿಗೆ ಆ ದುಡಿಮೆ ಇನ್ನೂ ಆ ಪ್ರಮಾಣದಲ್ಲಿ ಸಿಕ್ಕಿಲ್ಲ. ಸಂಸ್ಥೆ ಮೈಸೂರಿನಲ್ಲಿದೆ, ವಿದ್ಯೆ ಕನ್ನಡದಲ್ಲಿದೆ, ಯೋಜನೆಗಳಿಗೆ ಹಣವಿದೆ. ಇನ್ನು ಮಗುವನ್ನು ಮೊದಲ ತಿಂಗಳಲ್ಲೇ, ಅಜ್ಜಿಯನ್ನು ಮೊದಲ ವರ್ಷದಲ್ಲೇ ಅಲ್ಲಿಗೆ ಕರೆದೊಯ್ಯುವ ಜವಾಬ್ದಾರಿ ನಮ್ಮದು.